ಪೊಲೀಸರ ಸೋಷಿಯಲ್ ಮೀಡಿಯಾ: ಐದಕ್ಕೆ ಮೂರು ಸ್ಟಾರ್

ಎಕ್ಸ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲಾ ಕಡೆ ಈಗ ಪೊಲೀಸ್ ಖಾತೆಗಳಿವೆ. ಜನರ ತೆರಿಗೆಯಲ್ಲಿ ನಡೆಯುವ ಸೇವೆ, ಹಾಗಾಗಿ ಇದಕ್ಕೂ ಒಂದು ರಿವ್ಯೂ ಬರೆಯಬೇಕು ಅನ್ನಿಸಿತು.

ಮೊದಲು ಒಳ್ಳೆಯದು. ದೊಡ್ಡ ಅನಾಹುತ ಆದಾಗ ಇದಕ್ಕೆ ಸಾಟಿಯೇ ಇಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ದೊಡ್ಡ ದೊಡ್ಡ ಸುದ್ದಿಸಂಸ್ಥೆಗಳೇ ಆರೋಪಿ ಸಿಕ್ಕಿಬಿದ್ದ ಅಂತ ಹೇಳಿಬಿಟ್ಟವು. ಇನ್ನೂ ಯಾರನ್ನೂ ಬಂಧಿಸಿಲ್ಲ ಅಂತ ಅಲ್ಲಿನ ಪೊಲೀಸರು ಟ್ವೀಟ್ ಮಾಡಿದರು. 2016ರ ಜುಲೈನಲ್ಲಿ ಮ್ಯೂನಿಕ್‌ನ ಮಾಲ್ ಹತ್ತಿರ ಗುಂಡಿನ ದಾಳಿ ಆದಾಗ ಊರಿನ ಬೇರೆ ಕಡೆಗಳಲ್ಲೂ ಗುಂಡು ಹಾರುತ್ತಿದೆ ಅಂತ ಗಾಳಿಸುದ್ದಿ ಹಬ್ಬಿತ್ತು. ಅಲ್ಲಿನ ಪೊಲೀಸರು ಜರ್ಮನ್ ಜೊತೆಗೆ ಇಂಗ್ಲಿಷ್, ಫ್ರೆಂಚ್, ಟರ್ಕಿಶ್‌ನಲ್ಲೂ ಮಾಹಿತಿ ಕೊಟ್ಟರು, ಕಾರ್ಯಾಚರಣೆಯ ಫೋಟೋ, ವಿಡಿಯೋ ಹಾಕಬೇಡಿ ಅಂತ ಕೇಳಿಕೊಂಡರು. ಬಂದೂಕು ಹಿಡಿದವನ ಜೇಬಲ್ಲೂ ಫೋನ್ ಇರಬಹುದು, ಅಲ್ವಾ?

ದಿನನಿತ್ಯದ ಪೋಸ್ಟ್‌ಗಳು ಒಂದೇ ಸಮ ಇಲ್ಲ. ಯಾವ ರಸ್ತೆ ಬಂದ್, ಎಷ್ಟು ಗಂಟೆವರೆಗೆ, ಬದಲಿ ದಾರಿ ಯಾವುದು ಅಂತ ಮೂರು ಸಾಲಲ್ಲಿ ಬರೆದರೆ ಸಾಕು, ನೂರಾರು ಜನಕ್ಕೆ ಉಪಕಾರ ಆಗುತ್ತದೆ. ಸುಮ್ನೆ "ಸಾರ್ವಜನಿಕರು ಸಹಕರಿಸಬೇಕು" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆನ್‌ಲೈನ್ ವಂಚನೆಯ ವಿಷಯದಲ್ಲೂ ಅಷ್ಟೇ. ಮೋಸದ ಮೆಸೇಜಿನ ಸ್ಕ್ರೀನ್‌ಶಾಟನ್ನೇ ಹಾಕಿ, ನಕಲಿ ಲಿಂಕ್‌ನಲ್ಲಿ ಯಾವ ಅಕ್ಷರ ತಪ್ಪಿದೆ ಅಂತ ಗುರುತು ಮಾಡಿ ತೋರಿಸುವ ಖಾತೆಗಳು ನನಗೆ ತುಂಬಾ ಇಷ್ಟ.

ಬೇಜಾರಾಗುವುದು ಪ್ರಚಾರ ಜಾಸ್ತಿ ಆದಾಗ. 2014ರಲ್ಲಿ ನ್ಯೂಯಾರ್ಕ್ ಪೊಲೀಸರು ನಮ್ಮ ಜೊತೆ ತೆಗೆಸಿಕೊಂಡ ಫೋಟೋ ಹಾಕಿ ಅಂತ ಜನರನ್ನು ಕೇಳಿದರು. ಬಂದದ್ದರಲ್ಲಿ ಬಹಳಷ್ಟು, ಪೊಲೀಸರು ಜನರ ಮೇಲೆ ಕೈ ಮಾಡುತ್ತಿದ್ದ ಫೋಟೋಗಳು. ಜನರ ಮನಸ್ಸಲ್ಲಿ ಏನಿದೆ ಅಂತ ತಿಳಿಯಲು ಇದಕ್ಕಿಂತ ನೇರ ದಾರಿ ಬೇಕಾ? ಆದರೂ ಇವತ್ತಿಗೂ ಎಷ್ಟೋ ಖಾತೆಗಳಲ್ಲಿ ಮೀಮ್‌ಗಳು ಸಾಲುಸಾಲಾಗಿ ಬರುತ್ತವೆ, ಕೆಳಗೆ ಯಾರೋ ಕಷ್ಟ ಹೇಳಿಕೊಂಡು ಕೇಳಿದ ಪ್ರಶ್ನೆ ಹಾಗೇ ಬಿದ್ದಿರುತ್ತದೆ.

ನಾನು ಎರಡು ಸ್ಟಾರ್ ಕತ್ತರಿಸಿದ್ದರಲ್ಲಿ ಒಂದು ಅದಕ್ಕೆ. ಇನ್ನೊಂದು, ಕೋರ್ಟ್ ತೀರ್ಪು ಬರುವ ಮೊದಲೇ ಆರೋಪಿಯ ಮುಖ ಎಲ್ಲರಿಗೂ ತೋರಿಸುವುದಕ್ಕೆ. ಆಮೇಲೆ ಅವನು ನಿರಪರಾಧಿ ಅಂತ ಬಿಡುಗಡೆಯಾದರೂ ಆ ಫೋಟೋ ಎಲ್ಲೆಲ್ಲೋ ಓಡಾಡುತ್ತಿರುತ್ತದೆ, ಕೆಲಸ ಕೇಳಲು ಹೋದ ಕಡೆಯೂ ಎದುರಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಇದಕ್ಕೆ ಕಾನೂನೇ ಬಂತು. ಹಿಂಸೆಯಿಲ್ಲದ ಅಪರಾಧದ ಆರೋಪ ಹೊತ್ತವರ ಫೋಟೋವನ್ನು ಕೆಲವು ಸಂದರ್ಭ ಬಿಟ್ಟರೆ ಪೊಲೀಸರು ಸೋಷಿಯಲ್ ಮೀಡಿಯಾದಲ್ಲಿ ಹಾಕುವಂತಿಲ್ಲ. ಎಲ್ಲಾ ಕಡೆ ಇಂಥ ನಿಯಮ ಬರಬೇಕು.

ಬಳಸುವವರಿಗೆ ಒಂದು ಮಾತು: ಅಪಾಯದಲ್ಲಿದ್ದಾಗ ಮೆಸೇಜ್ ಹಾಕಿ ಕಾಯಬೇಡಿ, ತುರ್ತು ಸಂಖ್ಯೆಗೆ ಫೋನ್ ಮಾಡಿ. ಎಷ್ಟೋ ಖಾತೆಗಳನ್ನು ರಾತ್ರಿ ಹೊತ್ತು ಯಾರೂ ನೋಡುತ್ತಿರುವುದಿಲ್ಲ.