ವಿಡಿಯೋ ಗೇಮ್ ಕೊಳ್ಳೋಕೆ ಡಿಸ್ಕಾ, ಡೌನ್‌ಲೋಡಾ, ತಿಂಗಳ ಚಂದಾನಾ: ಮೂರನ್ನೂ ಆಡಿ ನೋಡಿದ ಮೇಲೆ

ಮೇ ತಿಂಗಳು ಬಂತು ಅಂದ್ರೆ ಹಾಸನದ ಎಪಿಎಂಸಿ ಯಾರ್ಡಿಗೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಬರುತ್ತೆ. ಅಪ್ಪ ಮೂಟೆಯ ಬೆಲೆ ಮಾತಾಡೋಕೆ ಮುಂಚೆ ಒಳಗೆ ಮೊಣಕೈವರೆಗೂ ಕೈ ಹಾಕ್ತಾರೆ. ತಳದಿಂದ ಒಂದು ಗಡ್ಡೆ ಎತ್ತಿ, ಚಾಕುವಿನಲ್ಲಿ ಎರಡು ಹೋಳು ಮಾಡಿ ನೋಡ್ತಾರೆ. ಒಳಗೆ ಕಂದು ಉಂಗುರ ಕಂಡರೆ ಮಾತೇ ಇಲ್ಲ, ಪಕ್ಕದ ಮಂಡಿ. ದುಡ್ಡು ಎಣಿಸಿ ಕೊಟ್ಟು ಮೂಟೆ ಗಾಡಿ ಹತ್ತಿದ ಮೇಲೆ ಅದು ನಮ್ಮದು. ನಾವೇ ಬಿತ್ತಿದರೂ ಸರಿ, ಪಕ್ಕದ ಹೊಲದವರಿಗೆ ಅರ್ಧ ಮೂಟೆ ಕೊಟ್ಟರೂ ಸರಿ, ಮಾರಿದವನು ಬಂದು ಕೇಳೋ ಹಾಗಿಲ್ಲ.

ವಿಡಿಯೋ ಗೇಮ್ ಕೊಳ್ಳುವಾಗಲೂ ನನ್ನ ತಕ್ಕಡಿ ಇದೇ. ಕೊಯ್ದು ನೋಡೋಕೆ ಬಿಡ್ತಾರಾ? ಕೊಂಡ ಮೇಲೆ ನನ್ನದಾಗುತ್ತಾ? ಇನ್ನೊಬ್ಬರಿಗೆ ಕೊಡಬಹುದಾ? ಮೂರು ವರ್ಷದಿಂದ ಡಿಸ್ಕ್, ಡೌನ್‌ಲೋಡ್, ತಿಂಗಳ ಚಂದಾ, ಮೂರಕ್ಕೂ ಕೈಯಿಂದ ದುಡ್ಡು ಹಾಕಿ ಆಡಿದ್ದೀನಿ. ಹೊಸದಾಗಿ ಕೊಳ್ಳೋರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ.

ಮೊದಲು ಡಿಸ್ಕ್. ನನ್ನ ಹತ್ತಿರ ಇರೋದು ಡಿಸ್ಕ್ ಹಾಕೋ ಡ್ರೈವ್ ಇರೋ ಪ್ಲೇಸ್ಟೇಷನ್ 5, ಟಿವಿಗೆ ಜೋಡಿಸಿ ಆಡೋ ಸೋನಿಯ ಗೇಮ್ ಯಂತ್ರ. 2021ರ ಫೆಬ್ರವರಿಯಲ್ಲಿ ಇಂಡಿಯಾಕ್ಕೆ ಬಂದಾಗ ಡ್ರೈವ್ ಇದ್ದಿದ್ದಕ್ಕೆ 49,990 ರೂಪಾಯಿ, ಡ್ರೈವ್ ಇಲ್ಲದ್ದಕ್ಕೆ 39,990. ಹತ್ತು ಸಾವಿರದ ವ್ಯತ್ಯಾಸ. ಉಳಿಸಿದೆವು ಅಂತ ಅನ್ನಿಸುತ್ತೆ, ನಿಜ. ಆದರೆ ನಾನು ಸೆಕೆಂಡ್ ಹ್ಯಾಂಡ್ ಡಿಸ್ಕ್ ಒಂದನ್ನ 1,800ಕ್ಕೆ ತಗೊಂಡು, ಎರಡು ತಿಂಗಳು ಆಡಿ ಮುಗಿಸಿ, 1,300ಕ್ಕೆ ಮಾರಿದೆ. ಐನೂರು ರೂಪಾಯಿಗೆ ಎರಡು ತಿಂಗಳ ಆಟ. ಹೀಗೆ ಹತ್ತಾರು ಆಟ ಕೈ ಬದಲಾಯಿಸಿದರೆ ಆ ಹತ್ತು ಸಾವಿರ ತಾನಾಗೇ ವಾಪಸ್ ಬರುತ್ತೆ.

ಹಳೇ ಡಿಸ್ಕ್ ಕೊಳ್ಳೋದೂ ಗಡ್ಡೆ ಕೊಯ್ದು ನೋಡಿದ ಹಾಗೇ. ಅಂಚು ಮತ್ತು ನಡುವಿನ ತೂತು ಹಿಡಿದು ಎತ್ತಿ, ಕೆಳಗಿನ ಮೈಯನ್ನ ಕಿಟಕಿ ಬೆಳಕಿಗೆ ಓರೆ ಮಾಡಿ ನೋಡಬೇಕು. ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಕಿಲ್ಲ, ಈ ಆಟಗಳು ಬರೋ ಬ್ಲೂ-ರೇ ಡಿಸ್ಕ್ ಮೇಲೆ ಗಟ್ಟಿ ಲೇಪನ ಇರುತ್ತೆ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳೋ ಗೀರು ಇದ್ದರೆ ಬೇಡ. ಕಣ್ಣಿಗೆ ಕಾಣುತ್ತೆ, ಕೈಗೆ ತಿಳಿಯುತ್ತೆ. ಕೊಳ್ಳೋನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ?

ಇನ್ನೊಂದು ವಿಷಯ ಮಲೆನಾಡಿನವರಿಗೆ ಮಾತ್ರ ಅರ್ಥ ಆಗೋದು. ಸಕಲೇಶಪುರದ ಆಚೆ ತೋಟದ ಮನೆಯಲ್ಲಿ ನನ್ನ ಗೆಳೆಯ ಇದ್ದಾನೆ. ಜುಲೈನಲ್ಲಿ ಮರ ಬಿದ್ದರೆ ಅಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕರೆಂಟ್ ಬಂದರೂ ನೆಟ್‌ವರ್ಕ್ ಬರೋಕೆ ಇನ್ನೆರಡು ದಿನ. ಪ್ರತಿ ಮಳೆಗಾಲ ನಾಲ್ಕೈದು ಡಿಸ್ಕ್‌ಗಳನ್ನ ಟವೆಲ್ಲಿನಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಸಕಲೇಶಪುರದ ಕಡೆ ಹೋಗೋರ ಕೈಲಿ ಕೊಟ್ಟು ಬಸ್ ಹತ್ತಿಸ್ತೀನಿ. ಹೋಗುವಾಗ ಆಟ, ಬರುವಾಗ ಅದೇ ಕವರಿನಲ್ಲಿ ಮೆಣಸೋ ಕಾಫಿಪುಡಿಯೋ ಇರುತ್ತೆ. ಡೌನ್‌ಲೋಡ್ ಮಾಡಿದ ಆಟವನ್ನ ಹೀಗೆ ಕಳಿಸೋಕೆ ಆಗುತ್ತಾ?

ಹಾಗಂತ ಡಿಸ್ಕ್ ಇದ್ದರೆ ಎಲ್ಲಾ ಗೆದ್ದ ಹಾಗೆ ಅಂತ ನಾನು ಹೇಳಲ್ಲ. 2022ರ ಮಾರ್ಚ್‌ನಲ್ಲಿ ಗ್ರ್ಯಾನ್ ಟುರಿಸ್ಮೊ 7 ಅನ್ನೋ ಕಾರ್ ರೇಸ್ ಆಟದ ಸರ್ವರ್, ಅಂದ್ರೆ ಆಟ ನಡೆಸೋ ಕಂಪನಿಯ ಕಂಪ್ಯೂಟರ್, ರಿಪೇರಿಗೆ ಅಂತ 30 ಗಂಟೆಗೂ ಹೆಚ್ಚು ನಿಂತಿತ್ತು. ಡಿಸ್ಕ್ ಕೈಯಲ್ಲಿದ್ದು ಒಬ್ಬರೇ ಆಡೋಣ ಅಂದವರಿಗೂ ಆಟದ ಬಹುಪಾಲು ತೆರೆಯಲೇ ಇಲ್ಲ. ಯಾವಾಗಲೂ ಆನ್‌ಲೈನ್ ಇರಲೇಬೇಕು ಅನ್ನೋ ಆಟದಲ್ಲಿ ಡಿಸ್ಕ್ ಬರೀ ಬೀಗದ ಕೈ ಇದ್ದ ಹಾಗೆ, ಬಾಗಿಲು ಇನ್ನೊಬ್ಬರ ಮನೆಯಲ್ಲಿ. ಅದಕ್ಕೇ ಕೊಳ್ಳೋ ಮುಂಚೆ ರೂಟರ್ ಆಫ್ ಮಾಡಿದರೂ ಈ ಆಟ ನಡೆಯುತ್ತಾ ಅಂತ ವಿಚಾರಿಸಿ. ನನ್ನ ಮಟ್ಟಿಗೆ ಗ್ರಾಫಿಕ್ಸ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಈಗ ಡೌನ್‌ಲೋಡ್. ಸುಖ ಇದೆ, ಸುಳ್ಳು ಹೇಳಲ್ಲ. ರಾತ್ರಿ ಹನ್ನೊಂದಕ್ಕೆ ಆಸೆ ಆದರೆ ಹನ್ನೊಂದೂ ಐದಕ್ಕೆ ಕೊಂಡಾಯ್ತು. ನಮ್ಮ ಸಾಲಗಾಮೆ ರಸ್ತೆಯ ಮನೆಗೆ 50 ಎಂಬಿಪಿಎಸ್ ಲೈನ್ ಇದೆ. 90 ಜಿಬಿ ಆಟಕ್ಕೆ ಲೆಕ್ಕದ ಪ್ರಕಾರ ನಾಲ್ಕು ಗಂಟೆ ಸಾಕು, ಕರೆಂಟ್ ಎರಡು ಸಲ ಹೋದರೆ ಬೆಳಗಿನ ಕಾಫಿವರೆಗೂ ಕಾಯಬೇಕು. ಇದನ್ನ ಸಹಿಸಬಹುದು.

ಕಂಪ್ಯೂಟರಿನಲ್ಲಿ ನಾನು ಹೆಚ್ಚಾಗಿ ಕೊಳ್ಳೋದು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ. ಕಾರಣ ಒಂದೇ, ಅಲ್ಲಿ ಗಡ್ಡೆ ಕೊಯ್ದು ನೋಡಬಹುದು. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಾನು ಮೂರು ಸಲ ಕೇಳಿದ್ದೀನಿ, ಮೂರೂ ಸಲ ಬಂದಿದೆ. ನನ್ನ ಹಳೇ ಕಂಪ್ಯೂಟರಿನಲ್ಲಿ ಹೊಸ ಆಟ ಓಡುತ್ತೋ ಇಲ್ಲವೋ ಗೊತ್ತಾಗೋಕೆ ಅರ್ಧ ಗಂಟೆ ಸಾಕು.

ಆದರೆ ಅಲ್ಲಿ ಕೊಂಡಿದ್ದು ನನ್ನದಾ? ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಒಂದು ಕಾನೂನು ಮಾಡಿ, 2025ರ ಜನವರಿ 1ರಿಂದ ಜಾರಿಗೆ ತಂದರು. ಪರವಾನಗಿ ಮಾತ್ರ ಕೊಡೋರು ಅದನ್ನ ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಅನ್ನೋ ಪದ ಬಳಸೋ ಹಾಗಿಲ್ಲ. ಕಾನೂನು ಆದ ಮೇಲೆ, ಜಾರಿಗೆ ಬರೋ ಮುಂಚೆಯೇ, ಸ್ಟೀಮ್‌ನ ಬುಟ್ಟಿಯ (ಕಾರ್ಟ್) ಪುಟದಲ್ಲಿ ಒಂದು ಸಾಲು ಬಂತು: ನೀವು ಪಡೀತಿರೋದು ಪರವಾನಗಿ. ನಾನು ಆ ಸಾಲು ಓದಿ ತುಂಬಾ ಹೊತ್ತು ಕೂತಿದ್ದೆ. ಇಷ್ಟು ವರ್ಷ ಕೊಟ್ಟ ದುಡ್ಡೆಲ್ಲಾ ಮೂಟೆಗೆ ಅಂದುಕೊಂಡಿದ್ದೆ, ಅದು ಮೂಟೆ ಮುಟ್ಟೋ ಅನುಮತಿಗೆ. ಬೇಜಾರಾಯ್ತು. ಆದರೂ ಬಾಯಿಬಿಟ್ಟು ಹೇಳಿದ್ದು ಒಳ್ಳೆಯದೇ ಆಯ್ತು.

ಡೌನ್‌ಲೋಡ್‌ನಲ್ಲೇ ಇನ್ನೊಂದು ದಾರಿ ಇದೆ, ನಮ್ಮ ಕಡೆ ಅಷ್ಟಾಗಿ ಯಾರೂ ಬಳಸಲ್ಲ: ಜಿಒಜಿ ಅನ್ನೋ ಆನ್‌ಲೈನ್ ಅಂಗಡಿ. ಪೋಲೆಂಡಿನವರು 2008ರಲ್ಲಿ ಶುರು ಮಾಡಿದ್ದು. ಆಟದ ಇನ್‌ಸ್ಟಾಲರ್ ಫೈಲನ್ನೇ ಕೈಗೆ ಕೊಡ್ತಾರೆ, ನಕಲು ತಡೆಯೋ ಯಾವ ಬೀಗವೂ ಇರಲ್ಲ. ನಾನು ಅಲ್ಲಿ ಕೊಂಡ ಹನ್ನೆರಡು ಆಟ ಒಂದು ಹಾರ್ಡ್ ಡಿಸ್ಕಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೀನಿ. ಹೊಸ ದೊಡ್ಡ ಆಟಗಳು ಅಲ್ಲಿಗೆ ಬೇಗ ಬರಲ್ಲ, ಅದೊಂದೇ ಕೊರತೆ.

ತಿಂಗಳ ಚಂದಾ, ಅಂದ್ರೆ ತಿಂಗಳು ತಿಂಗಳು ದುಡ್ಡು ಕಟ್ಟಿ ಪಟ್ಟಿಯಲ್ಲಿರೋ ಆಟ ಆಡೋದು, ಅದರ ಬಗ್ಗೆ ಹೆಚ್ಚು ಹೇಳೋಕೆ ಏನಿಲ್ಲ. ಆರು ತಿಂಗಳು ಕಟ್ಟಿದೆ. ನೂರಾರು ಆಟ ಇರುತ್ತೆ, ಮದುವೆ ಮನೆ ಎಲೆಯಲ್ಲಿ ಎಲ್ಲಾ ಬಡಿಸಿದ ಹಾಗೆ, ಯಾವುದನ್ನೂ ಪೂರ್ತಿ ತಿನ್ನಲ್ಲ. ಒಂದು ದೊಡ್ಡ ಆಟದಲ್ಲಿ ನಲವತ್ತು ಗಂಟೆ ಕಳೆದಿದ್ದೆ, ಕಡೆಯ ಅಧ್ಯಾಯ ಬಾಕಿ. ಆ ತಿಂಗಳ ಕೊನೆಗೆ ಪಟ್ಟಿಯಿಂದ ಆಟವನ್ನೇ ತೆಗೆದರು. ಎಲ್ಲಿವರೆಗೆ ಆಡಿದ್ದೆ ಅಂತ ಉಳಿಸಿಟ್ಟ ಸೇವ್ ಫೈಲ್ ಇದೆ, ಆಟ ಇಲ್ಲ. ಮುಗಿಸಬೇಕಾದರೆ ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕು. ಚಂದಾ ರದ್ದು ಮಾಡೋ ಬಟನ್ ನಾಲ್ಕು ಪುಟ ದಾಟಿದ ಮೇಲೆ ಸಿಕ್ಕಿತು. ಸೇರೋಕೆ ಒಂದೇ ಬಟನ್, ಬಿಡೋಕೆ ನಾಲ್ಕು ಪುಟ. ಸಂತೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ಮುಂದಿನ ವಾರ ಅವರ ಮುಂದೆ ಜನ ನಿಲ್ಲಲ್ಲ. ಸ್ನೇಹಿತರು ರಜೆಗೆ ಬಂದಾಗ ಒಂದು ತಿಂಗಳ ಮಟ್ಟಿಗೆ ಚಂದಾ ಪರವಾಗಿಲ್ಲ, ಅದಕ್ಕಿಂತ ಹೆಚ್ಚು ಬೇಡ.

ಕಂಪನಿಗಳೆಲ್ಲಾ ಒಂದೇ ಅನ್ನೋದನ್ನೂ ನಾನು ಒಪ್ಪಲ್ಲ. ಗೂಗಲ್ ನೆಟ್ ಮೂಲಕವೇ ಆಟ ಆಡಿಸ್ತಿದ್ದ ತನ್ನ ಸ್ಟೇಡಿಯಾ ಸೇವೆಯನ್ನ 2023ರ ಜನವರಿ 18ಕ್ಕೆ ಮುಚ್ಚಿದಾಗ, ತನ್ನ ಅಂಗಡಿಯಲ್ಲಿ ಆಟಕ್ಕೂ ಕಂಟ್ರೋಲರಿಗೂ ಜನ ಕೊಟ್ಟಿದ್ದ ದುಡ್ಡು ಹಿಂತಿರುಗಿಸಿತು. ಸೋನಿಯ ಕಾನ್ಕಾರ್ಡ್ ಅನ್ನೋ ಆಟ 2024ರ ಆಗಸ್ಟ್ 23ಕ್ಕೆ ಬಂದು ಎರಡೇ ವಾರಕ್ಕೆ ನಿಂತಿತು, ಕೊಂಡವರಿಗೆಲ್ಲಾ ಹಣ ವಾಪಸ್ ಕೊಟ್ಟರು. ಸೋತರೂ ಮರ್ಯಾದೆಯಿಂದ ನಡೆದುಕೊಂಡರು. ಇನ್ನೊಂದು ಕಡೆ ಯೂಬಿಸಾಫ್ಟ್‌ನ ದಿ ಕ್ರೂ. 2014ರ ಕಾರ್ ಆಟ, 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಒಬ್ಬರೇ ಕೂತು ಆಡೋ ಭಾಗವೂ ಅದರ ಜೊತೆಗೇ ಸತ್ತಿತು, ಡಿಸ್ಕ್ ಕೊಂಡವರಿಗೂ. ಅದಾದ ಮೇಲೇ ಆಟಗಳನ್ನ ಹೀಗೆ ಕೊಲ್ಲಬೇಡಿ ಅನ್ನೋ ಚಳವಳಿ ಹುಟ್ಟಿ, ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅವರು ಕೇಳಿದ್ದು ಸರ್ವರನ್ನ ಶಾಶ್ವತವಾಗಿ ನಡೆಸಿ ಅಂತ ಅಲ್ಲ. ನೀವು ಬಿಟ್ಟು ಹೋಗುವಾಗ ಆಟ ಆಡೋ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅಂತ. ಇದು ಅತಿ ಆಸೆ ಅಂತ ನನಗೆ ಅನ್ನಿಸಲ್ಲ.

ಹೋದ ತಿಂಗಳು ಅರಸೀಕೆರೆಯ ಭಾವ ಫೋನ್ ಮಾಡಿದ್ದರು. ಮಗನಿಗೆ ಪ್ಲೇಸ್ಟೇಷನ್ ಕೊಡಿಸಬೇಕು, ಡ್ರೈವ್ ಇಲ್ಲದ್ದು ಕಡಿಮೆಗೆ ಸಿಗುತ್ತೆ, ಅದೇ ತಗೊಳ್ಳಲಾ ಅಂತ. ಬೇಡ, ಡ್ರೈವ್ ಇರೋದೇ ತಗೊಳ್ಳಿ, ಮೊದಲ ಐದು ಆಟ ನಾನು ಕಳಿಸ್ತೀನಿ ಅಂದೆ. ಭಾನುವಾರ ಡಿಸ್ಕ್‌ಗಳನ್ನೆಲ್ಲಾ ಒರೆಸಿ, ಒಂದೊಂದನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಕವರಿಗೆ ಹಾಕಿ ಇಟ್ಟಿದ್ದೀನಿ. ಅಪ್ಪ ಬಾಗಿಲಲ್ಲಿ ನಿಂತು ನೋಡ್ತಾ, “ಚೆನ್ನಾಗಿರೋವಾ?” ಅಂತ ಕೇಳಿದರು. ಒಂದನ್ನ ಅವರ ಕೈಗೆ ಕೊಟ್ಟೆ. ಅವರೂ ಅದನ್ನ ಬೆಳಕಿಗೆ ಓರೆ ಮಾಡಿ ಹಿಡಿದರು.