ಬೆಂಗಳೂರಿನ ಸಂಬಳ, ಮೈಸೂರಿನ ಸಂಜೆ

ಎರಡೂ ಕಡೆ ದುಡಿದು ನೋಡಿದ್ದೇನೆ. ಮೊದಲು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಅಮೆರಿಕನ್ ಕಂಪನಿಯಲ್ಲಿ ತಂಡದ ಮುಖ್ಯಸ್ಥೆ. ಈಗ ಮೈಸೂರಿನ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯ ಉದ್ಯೋಗಿ. ಸಂಬಳ ಅರ್ಧಕ್ಕೂ ಕಡಿಮೆ.

ಹಣದ ವಿಷಯವನ್ನು ಹಗುರವಾಗಿ ಆಡಲಾರೆ. ಅಪ್ಪನ ಬೈಪಾಸ್ ಶಸ್ತ್ರಚಿಕಿತ್ಸೆಗೆ ಯಾರ ಮುಂದೆಯೂ ಕೈಚಾಚದೆ ಇದ್ದದ್ದು, ಮನೆ ಸಾಲ ಅವಧಿಗೆ ಮೊದಲೇ ತೀರಿದ್ದು ಆ ಸಂಬಳದಿಂದ. ಸೌಲಭ್ಯದಲ್ಲೂ ದೊಡ್ಡ ಕಂಪನಿಯೇ ಮೇಲು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ತಾಯಿ ದಿನಕ್ಕೆ 4 ಬಾರಿ ಹೋಗಿ ಮಗುವನ್ನು ನೋಡಿ ಬರಬಹುದು. ಮೈಸೂರಿನ ನಮ್ಮ ಸಂಸ್ಥೆಯಲ್ಲಿ ಅಷ್ಟು ಜನರೇ ಇಲ್ಲ. ಮಗಳನ್ನು ನೋಡಿಕೊಳ್ಳಲು ಅತ್ತೆಯವರು ಹಾಸನದಿಂದ ಬರಬೇಕಾಯಿತು.

ಆದರೆ ಬೆಂಗಳೂರಿನಲ್ಲಿ ರಾತ್ರಿಯ ಹೊತ್ತು ನನ್ನ ಕೈಲಿರಲಿಲ್ಲ. ಕ್ಯಾಲಿಫೋರ್ನಿಯಾದ ತಂಡದವರ ಜೊತೆಗಿನ ಸಭೆ ಅವರ ಬೆಳಗಿನ 9 ಗಂಟೆಗೆ ಎಂದರೆ ನಮಗೆ ರಾತ್ರಿ 9.30. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟರೆ ಅದೇ ಸಭೆ ನಮಗೆ 10.30ಕ್ಕೆ, ಮಾರ್ಚ್‌ವರೆಗೂ. ಮಗಳು ಮಲಗುವ ಹೊತ್ತಿಗೆ ನಾನು ಹೆಡ್‌ಫೋನ್ ಹಾಕಿಕೊಂಡು ಕೋಣೆಯ ಬಾಗಿಲು ಮುಚ್ಚಿರುತ್ತಿದ್ದೆ. ಬಾಗಿಲ ಕೆಳಗಿನ ಸಂದಿಯಿಂದ ಅವಳು ಚಿತ್ರ ಬರೆದ ಹಾಳೆಗಳನ್ನು ಒಳಗೆ ತೂರುತ್ತಿದ್ದಳು. ವಾರವಿಡೀ ಹೀಗಿದ್ದು ರಜೆಯಲ್ಲಿ ಊಟಿಗೆ ಕರೆದೊಯ್ದರೆ ಸರಿಹೋಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಶಾಲೆಯ ಸುದ್ದಿ ಹೇಳುವುದು ಬ್ಯಾಗು ಇಳಿಸಿದ ಅರ್ಧ ಗಂಟೆಯೊಳಗೆ. ಶನಿವಾರ ಕೇಳಿದರೆ ‘ಏನಿಲ್ಲಮ್ಮ’ ಎಂದು ಆಟಕ್ಕೆ ಓಡುತ್ತಾರೆ.

ಈಗ ಆರಕ್ಕೆಲ್ಲ ಮನೆಯಲ್ಲಿರುತ್ತೇನೆ. ನಾನು ಒಗ್ಗರಣೆ ಹಾಕುವಾಗ ಅವಳು ಅಡುಗೆಕಟ್ಟೆಯ ಪಕ್ಕದಲ್ಲೇ ಕುಳಿತು ಮಗ್ಗಿ ಒಪ್ಪಿಸುತ್ತಾಳೆ. ಇದಕ್ಕೆ ತೆತ್ತ ಬೆಲೆಯೂ ಇದೆ. ಬಡ್ತಿ ನಿಧಾನ, ಹೊಸ ತಂತ್ರಜ್ಞಾನವನ್ನು ಭಾನುವಾರ ಕುಳಿತು ನಾನೇ ಕಲಿಯಬೇಕು, ಹೊಸ ಕಾರಿನ ಯೋಚನೆ ಮುಂದಕ್ಕೆ ಹೋಗಿದೆ.

ತಲೆಯ ಮೇಲೆ ಸಾಲ ಇರುವವರಿಗೆ, ಹೆತ್ತವರ ಔಷಧಿಯ ಖರ್ಚು ಹೊತ್ತವರಿಗೆ ‘ಬಿಟ್ಟು ಬನ್ನಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸಾಲ ತೀರಿ, ಮಗು ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದರೆ ಮಾತ್ರ ನನ್ನ ಆಯ್ಕೆ ಮೈಸೂರೇ. ದೊಡ್ಡ ಸಂಬಳದ ಕೆಲಸಕ್ಕೆ ಹೋಗುವವರು ಸಂದರ್ಶನದಲ್ಲಿ ಎರಡು ವಿಷಯ ಕೇಳಿ: ತಂಡದ ಉಳಿದವರು ಯಾವ ದೇಶದಲ್ಲಿದ್ದಾರೆ, ನಡುರಾತ್ರಿ ಸರ್ವರ್ ನಿಂತರೆ ಫೋನ್ ಯಾರಿಗೆ ಬರುತ್ತದೆ.