ಗ್ಯಾರೇಜಿನ ತೇವಕ್ಕೆ ಕಂಪ್ರೆಸರ್ ಡಿಹ್ಯೂಮಿಡಿಫೈಯರ್: ಬಳಸಿ ಬರೆದ ವಿಮರ್ಶೆ

ದಿನವೂ ಓಡಿಸದೆ ತಿಂಗಳುಗಟ್ಟಲೆ ನಿಲ್ಲಿಸಿಡುವ ಕಾರಿನ ರಕ್ಷಣೆಗಾಗಿ ನಾನು ಬಳಸುತ್ತಿರುವುದು, ದಿನಕ್ಕೆ 20 ಲೀಟರ್ ನೀರು ಹೀರುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿರುವ ಕಂಪ್ರೆಸರ್ ಬಗೆಯ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ. ಒಂದು ಕಾರು ನಿಲ್ಲುವ ಗ್ಯಾರೇಜಿಗೆ ಅದು ಸಾಲುತ್ತದೆ. ಆದರೆ ಬಾಗಿಲಿನ ಕೆಳಸಂದಿಗೆ ರಬ್ಬರ್ ಪಟ್ಟಿ ಹಾಕಿಸಿದ ಮೇಲಷ್ಟೇ ಸಾಲಿತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ಹಾಗೆಯೇ ನಂಬಬೇಕಾಗಿಲ್ಲ. ಈ ಬಗೆಯ ಯಂತ್ರಗಳ ಸಾಮರ್ಥ್ಯವನ್ನು ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡಾ 80ರ ಸಾಪೇಕ್ಷ ಆರ್ದ್ರತೆಯಲ್ಲಿ (ಆ ಉಷ್ಣತೆಯ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಶೇಕಡಾ ಎಷ್ಟು ಇದೆಯೋ ಅದೇ ಈ ಅಂಕಿ) ಅಳೆದಿರುತ್ತಾರೆ. ಗಾಳಿ ತಣ್ಣಗಾದಷ್ಟೂ ಅದರಲ್ಲಿ ಹಿಡಿಯುವ ಆವಿ ಕಡಿಮೆಯಾಗುವುದರಿಂದ, 20 ಡಿಗ್ರಿ ಹಾಗೂ ಶೇಕಡಾ 60ರಲ್ಲಿ ಅದೇ ಯಂತ್ರ ಅರ್ಧದಷ್ಟು ನೀರನ್ನೂ ಕೊಡದಿರುವುದು ಸಾಮಾನ್ಯ. ಇದು ಮೋಸವಲ್ಲ, ಅಳತೆಯ ರೂಢಿ. ಆದರೆ ಕೊಳ್ಳುವವರು ತಿಳಿದಿರಬೇಕಾದ ರೂಢಿ.

ಯಂತ್ರದ ನಿಜವಾದ ಕೆಲಸ ಎಷ್ಟೆಂದು ಗೊತ್ತಾಗಬೇಕಾದರೆ ಒಂದು ಸಣ್ಣ ಲೆಕ್ಕ ಹಾಕಬೇಕು. ಆರು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ, 2.7 ಮೀಟರ್ ಎತ್ತರದ ಗ್ಯಾರೇಜಿನಲ್ಲಿ ಸುಮಾರು 57 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿಯಲ್ಲಿ ಆರ್ದ್ರತೆ ಶೇಕಡಾ 80 ಇದ್ದರೂ ಅಷ್ಟು ಗಾಳಿಯಲ್ಲಿರುವ ನೀರು ಹೆಚ್ಚುಕಡಿಮೆ ಒಂದೇ ಲೀಟರ್. ಅದನ್ನು ಶೇಕಡಾ 50ಕ್ಕೆ ಇಳಿಸಲು ತೆಗೆಯಬೇಕಾದದ್ದು ಅರ್ಧ ಲೀಟರಿಗಿಂತಲೂ ಕಡಿಮೆ. ಹಾಗಿದ್ದೂ ಟ್ಯಾಂಕು ದಿನವೂ ಲೀಟರುಗಟ್ಟಲೆ ತುಂಬುತ್ತಿದ್ದರೆ, ಆ ನೀರು ಒಳಗೆ ಮೊದಲೇ ಇದ್ದ ಗಾಳಿಯದ್ದಲ್ಲ. ಬಾಗಿಲಿನ ಸಂದಿಯಿಂದಲೋ, ನೆಲದಿಂದಲೋ, ಮಳೆಯಲ್ಲಿ ನೆನೆದು ಬಂದು ನಿಂತ ಕಾರಿನಿಂದಲೋ ಹೊಸದಾಗಿ ಬರುತ್ತಿರುವುದು. ಟ್ಯಾಂಕು ತುಂಬುವ ವೇಗವನ್ನು ಯಂತ್ರದ ಹೆಚ್ಚುಗಾರಿಕೆಯೆಂದು ಹೊಗಳುವ ಅಭಿಪ್ರಾಯಗಳನ್ನು ಬೇಕಾದಷ್ಟು ಓದಿದ್ದೇನೆ. ನನ್ನ ಮಟ್ಟಿಗೆ ಅದು ಗ್ಯಾರೇಜಿನ ದೋಷವನ್ನು ತೋರಿಸುವ ಅಳತೆಗೋಲು. ರಬ್ಬರ್ ಪಟ್ಟಿ ಹಾಕಿಸಿದ ಮೇಲೆ ಯಂತ್ರ ಓಡುವ ಹೊತ್ತೂ ಟ್ಯಾಂಕಿಗೆ ಇಳಿಯುವ ನೀರೂ ಕಣ್ಣಿಗೆ ಕಾಣುವಷ್ಟು ತಗ್ಗಿದವು.

ನೆಲದ ಪಾಲೆಷ್ಟು ಎಂದು ನೋಡಲು ಹೆಚ್ಚು ಖರ್ಚೇನೂ ಬೇಡ. ಮೊಳದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಅಡಿಯಲ್ಲಿ ಹನಿಗಟ್ಟಿ ಕಾಂಕ್ರೀಟಿನ ಬಣ್ಣ ಕಪ್ಪಾಗಿದ್ದರೆ ತೇವ ನೆಲದೊಳಗಿನಿಂದ ಏಳುತ್ತಿದೆ. ಹನಿ ಹಾಳೆಯ ಮೇಲ್ಮೈಯಲ್ಲಿದ್ದರೆ ಗಾಳಿಯ ಆವಿ ತಣ್ಣನೆಯ ನೆಲಕ್ಕೆ ತಾಗಿ ನೀರಾಗುತ್ತಿದೆ. 30 ಡಿಗ್ರಿಯ, ಶೇಕಡಾ 70 ಆರ್ದ್ರತೆಯ ಗಾಳಿ 24 ಡಿಗ್ರಿಯ ಮೈಗೆ ತಾಗಿದರೆ ಸಾಕು, ತಣ್ಣೀರಿನ ಚೊಂಬಿನಂತೆ ಎಂಜಿನ್ನಿನ ಲೋಹವೂ ಬ್ರೇಕ್ ಡಿಸ್ಕೂ ಬೆವರುತ್ತವೆ. ಆದ್ದರಿಂದ ಹೊರಗೆ ಮೋಡ ಕವಿದು ಸೆಕೆಯಿರುವಾಗ ಗಾಳಿಯಾಡಲೆಂದು ಬಾಗಿಲು ತೆರೆದಿಡುವುದು ಕಾರಿಗೆ ಉಪಕಾರವಲ್ಲ.

ಯಂತ್ರದಲ್ಲಿರುವ ಆರ್ದ್ರತೆಯ ಅಂಕಿ ಸುಮಾರಿನದು. ಅದು ಅಳೆಯುವುದು ತನ್ನ ಬಾಯಿಗೆ ಬರುವ ಗಾಳಿಯನ್ನೇ ಹೊರತು ಕಾರಿನ ಆಚೆ ಮೂಲೆಯ ಗಾಳಿಯನ್ನಲ್ಲ. ಬೇರೊಂದು ಸಣ್ಣ ಮೀಟರನ್ನು ಕಾರಿನ ಇನ್ನೊಂದು ಬದಿಯಲ್ಲಿ ಇಟ್ಟಿದ್ದೇನೆ. ಆ ಮೀಟರನ್ನೂ ಪರೀಕ್ಷಿಸಬಹುದು: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದಂತೆ ಕೆಲವೇ ಹನಿ ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿ ರಾತ್ರಿಯಿಡೀ ಇಟ್ಟರೆ ಅದು ಶೇಕಡಾ 75 ತೋರಿಸಬೇಕು. ತೋರಿಸದಿದ್ದರೆ ಎಷ್ಟು ವ್ಯತ್ಯಾಸವೋ ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರಾಯಿತು.

ನಾನು ಯಂತ್ರವನ್ನು ಶೇಕಡಾ 50ಕ್ಕೆ ಹೊಂದಿಸಿದ್ದೇನೆ. ಶೇಕಡಾ 60 ದಾಟಿದರೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರುತ್ತದೆ, ಸೀಟುಗಳಲ್ಲಿ ಬೂಷ್ಟಿಗೂ ಅನುಕೂಲವಾಗುತ್ತದೆ. 40ಕ್ಕಿಂತ ಕೆಳಗಿಳಿಸಿದರೆ ಚರ್ಮದ ಸೀಟು ಒಣಗಿ ಬಿರುಕು ಬಿಡುವ ಭಯ. ಕಾರಿನ ಅಡಿಭಾಗಕ್ಕೆ ಉಪ್ಪಿನಂಶ ಅಂಟಿದ್ದರೆ ಇನ್ನೂ ಕಡಿಮೆ ಆರ್ದ್ರತೆಯಲ್ಲೇ ತುಕ್ಕು ಶುರುವಾಗುವುದರಿಂದ, ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಒಳಗೆ ನಿಲ್ಲಿಸುವುದು ಲೇಸು. ಹೊದಿಕೆ ಹಾಕುವುದಾದರೆ ಗಾಳಿಯಾಡುವ ಬಟ್ಟೆಯದ್ದನ್ನೇ ಹಾಕಬೇಕು.

ದೂರುಗಳೂ ಇವೆ. ಟ್ಯಾಂಕು ಚಿಕ್ಕದು, ತುಂಬಿದೊಡನೆ ಯಂತ್ರ ತಾನಾಗಿ ನಿಲ್ಲುತ್ತದೆ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ನಿಂತೇ ಇರುತ್ತದೆ. ಹಿಂಬದಿಯ ರಂಧ್ರಕ್ಕೆ ಪೈಪು ಸಿಕ್ಕಿಸಿ ನೀರನ್ನು ನೇರವಾಗಿ ಹೊರಗೆ ಬಿಡಬಹುದಾದರೂ ಪೈಪು ಉದ್ದಕ್ಕೂ ಇಳಿಜಾರಾಗಿರಬೇಕು. ಪಂಪ್ ಇಲ್ಲದ ಕಾರಣ ನಡುವೆ ಒಂದು ಉಬ್ಬು ಬಂದರೂ ನೀರು ಹಿಂದಕ್ಕೆ ನಿಲ್ಲುತ್ತದೆ. ಹಾಗಾಗಿ ಯಂತ್ರವನ್ನು ಗಟ್ಟಿ ಪೀಠದ ಮೇಲೆ ಇಟ್ಟಿದ್ದೇನೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾಗಿ ನೆಲದ ಮಟ್ಟದಲ್ಲೇ ಉಳಿಯುವುದರಿಂದ, ಕಿಡಿ ಹಾರಬಹುದಾದ ಸ್ವಿಚ್ಚು ಮೋಟಾರುಗಳಿರುವ ಯಾವುದನ್ನೂ ಗ್ಯಾರೇಜಿನಲ್ಲಿ ನೆಲಕ್ಕಿಂತ ಮೇಲಿಡುವುದು ಆ ದೃಷ್ಟಿಯಿಂದಲೂ ಸರಿ. ಕರೆಂಟು ಹೋಗಿ ಬಂದಾಗ ಹಳೆಯ ಸೆಟ್ಟಿಂಗಿನಲ್ಲೇ ಮತ್ತೆ ಶುರುವಾಗುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ನನ್ನದು ಶುರುವಾಗುತ್ತದೆ, ಎಲ್ಲವೂ ಆಗುವುದಿಲ್ಲ. ಸದ್ದು ಹಳೆಯ ಫ್ರಿಜ್ಜಿಗಿಂತ ಜೋರು, ಆದರೆ ಗ್ಯಾರೇಜಿನಲ್ಲಿ ಅದು ಯಾರಿಗೂ ತೊಂದರೆಯಲ್ಲ. ಓಡುವಾಗ ಸುಮಾರು 300 ವ್ಯಾಟ್ ವಿದ್ಯುತ್ ಬೇಕು, ಅದೆಲ್ಲವೂ ಕೊನೆಗೆ ಶಾಖವಾಗಿ ಕೋಣೆಯಲ್ಲೇ ಉಳಿಯುತ್ತದೆ.

ಚಳಿ ಹೆಚ್ಚಿರುವ ಕಡೆ ಇದನ್ನು ಕೊಳ್ಳಬೇಡಿ ಎನ್ನುತ್ತೇನೆ. ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ಗಾಳಿಯನ್ನು ತಣಿಸಿ ನೀರಿಳಿಸುವ ಒಳಗಿನ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿ, ಅದನ್ನು ಕರಗಿಸುವುದರಲ್ಲೇ ಯಂತ್ರದ ಹೊತ್ತು ಹೋಗುತ್ತದೆ. ಅಂಥಲ್ಲಿ ತೇವ ಹೀರುವ ಚಕ್ರವಿರುವ ಡೆಸಿಕೆಂಟ್ ಬಗೆಯೇ ಸೂಕ್ತ, ವಿದ್ಯುತ್ ಹೆಚ್ಚು ತಿಂದರೂ ಅದು ಶೂನ್ಯದ ಹತ್ತಿರವೂ ಕೆಲಸ ಮಾಡುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಅಗ್ಗದ ಡಬ್ಬಿಗಳು ಬಟ್ಟೆಯ ಬೀರುವಿಗೆ ಸರಿ, ಗ್ಯಾರೇಜಿಗೆ ಸಾಲವು. ಅವನ್ನು ಕಾರಿನೊಳಗೆ ಇಡುವುದಂತೂ ಬೇಡವೇ ಬೇಡ: ಡಬ್ಬಿ ಮಗುಚಿ ಆ ಉಪ್ಪುನೀರು ಕಾರ್ಪೆಟ್ಟಿನ ಕೆಳಗಿನ ತಗಡಿಗೆ ಇಳಿದರೆ, ತಡೆಯಲು ಹೊರಟ ತುಕ್ಕನ್ನು ನಾವೇ ಕರೆತಂದಂತಾಗುತ್ತದೆ.